ಪರದೇಶದ ಮನೆಯೂಟ ಮತ್ತು ವಿದ್ಯಾರ್ಥಿಯ ನಿಯಮ

ವಿದ್ಯೆಗಾಗಿ ಮನೆ ಬಿಟ್ಟು ಹೋಗುವುದು ನಮ್ಮ ಸಮಾಜಕ್ಕೆ ಹೊಸದಲ್ಲ. 1899ರಲ್ಲಿ ಸ್ಥಾಪಿತವಾದ ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯ ಆಶ್ರಯದಲ್ಲಿ ಕೊಲ್ಲಾಪುರ, ಸಾಂಗಲಿ, ಬೆಳಗಾವಿಗಳಲ್ಲಿ ಬೋರ್ಡಿಂಗುಗಳು ನಡೆದುಬಂದವು. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಶ್ರಾವಕರಿಗೆ ಅವುಗಳ ಪರಿಚಯ ಹೇಳಬೇಕಾದುದಿಲ್ಲ. ಅಲ್ಲಿ ಊರು ಪರರದಾದರೂ ಅಡಿಗೆ ನಮ್ಮದಾಗಿತ್ತು. ಈಗ ಕೇಳಿಬರುವ ಪ್ರವಾಸವು ಇನ್ನೊಂದು ಬಗೆಯದು. ರೋಟರಿ ಸಂಸ್ಥೆಯ ಯುವ ವಿನಿಮಯ ಯೋಜನೆಯಲ್ಲಿ 15ರಿಂದ 19 ವರ್ಷದೊಳಗಿನ ವಿದ್ಯಾರ್ಥಿಯು ಒಂದು ಶಾಲಾ ವರ್ಷವನ್ನು ಪರದೇಶದಲ್ಲಿ ಕಳೆಯುತ್ತಾನೆ. 1947ರಿಂದ ಶಾಲಾ ವಿದ್ಯಾರ್ಥಿಗಳನ್ನು ಕಳುಹಿಸುತ್ತಿರುವ ಎ.ಎಫ್.ಎಸ್. ಸಂಸ್ಥೆಯ ಕ್ರಮವೂ ಹೆಚ್ಚುಕಡಿಮೆ ಇದೇ. ವಾಸವು ವಸತಿಗೃಹದಲ್ಲಲ್ಲ, ಅಲ್ಲಿಯ ಗೃಹಸ್ಥರೊಬ್ಬರ ಮನೆಯಲ್ಲಿ. ಆ ಮನೆಯ ತಾಯಿಯನ್ನು ತಾಯಿಯೆಂದೇ ಭಾವಿಸಿ, ಅವರ ಮೇಜಿನ ಮುಂದೆ ಕುಳಿತು, ಪಾತ್ರೆ ತೊಳೆಯುವುದರಲ್ಲಿಯೂ ಪಾಲುಗೊಂಡು ಬಾಳಬೇಕು. ಎಷ್ಟೋ ಸಲ ಅದೇ ವರ್ಷದಲ್ಲಿ ಎರಡು ಮೂರು ಮನೆಗಳು ಬದಲಾಗುತ್ತವೆ.

ಹುಕ್ಕೇರಿಯ ಕಡೆಯ ಹದಿನಾರು ವರ್ಷದ ಮಗಳೊಬ್ಬಳು ಹೀಗೆ ಹೊರಟಳೆಂದು ಭಾವಿಸೋಣ. ಅಜ್ಜಿಯು ಆಕೆಯನ್ನು ಬಸದಿಗೆ ಕರೆದೊಯ್ದು, ಎಲ್ಲ ವ್ರತಗಳನ್ನೂ ಪಾಲಿಸುವೆನೆಂದು ಹೇಳಿಸುತ್ತಾಳೆ. ಮಗು ಅಳುತ್ತಲೇ ಹೇಳಿಬಿಡುತ್ತದೆ. ತೊಂದರೆಯ ಬೀಜ ಇಲ್ಲಿಯೇ ಬಿತ್ತಲ್ಪಡುತ್ತದೆ. ಏನನ್ನು, ಎಷ್ಟು ಕಾಲ, ಯಾವ ಅರ್ಥದಲ್ಲಿ ಬಿಟ್ಟೆನೆಂಬುದು ತಿಳಿಯದ ತ್ಯಾಗವು ಮೊದಲ ಚಳಿಗಾಲದಲ್ಲಿಯೇ ಸಡಿಲವಾಗುತ್ತದೆ.

ಈ ವಿಷಯದಲ್ಲಿ ಮಹಾತ್ಮಾ ಗಾಂಧಿಯವರ ಉದಾಹರಣೆಯು ನಮಗೆ ಹತ್ತಿರದ್ದು. 1888ರಲ್ಲಿ ಅವರು ಇಂಗ್ಲೆಂಡಿಗೆ ಹೊರಟಾಗ, ತಾಯಿಯ ಸಮಾಧಾನಕ್ಕಾಗಿ ಅವರಿಗೆ ಮದ್ಯ, ಮಾಂಸ, ಸ್ತ್ರೀಸಂಗಗಳ ತ್ಯಾಗವನ್ನು ಕೊಟ್ಟವರು ಬೇಚರಜಿ ಸ್ವಾಮಿ ಎಂಬ ಜೈನ ಸಾಧುಗಳು. ಲಂಡನ್ನಿನಲ್ಲಿ ಅವರು ಒಬ್ಬ ವಿಧವೆಯ ಮನೆಯಲ್ಲಿ ಊಟವಸತಿಗೆ ನಿಂತರು. ಉಪ್ಪುಕಾರವಿಲ್ಲದ ಬೇಯಿಸಿದ ಪಲ್ಯ ಗಂಟಲಿಗಿಳಿಯದು. ಇನ್ನಷ್ಟು ರೊಟ್ಟಿ ಕೇಳಲು ನಾಚಿಕೆ. ಆ ಮನೆಯ ಇಬ್ಬರು ಹೆಣ್ಣುಮಕ್ಕಳು ಒಂದೆರಡು ತುಂಡು ಹೆಚ್ಚಾಗಿ ಬಡಿಸುತ್ತಿದ್ದರಂತೆ; ಇವರ ಹಸಿವೆಗೆ ಇಡೀ ರೊಟ್ಟಿಯೇ ಬೇಕಾಗಿತ್ತು. ಮುಂದೆ ತತ್ತಿಯ ಪ್ರಶ್ನೆ ಬಂದಿತು. ಮಾಂಸವೆಂದರೆ ಪಶುಪಕ್ಷಿಗಳದು ಮಾತ್ರವೆಂದು ಕೆಲವರು, ಮೀನೂ ಮಾಂಸವೇ ಎಂದು ಕೆಲವರು, ತತ್ತಿ ಹಾಲುಗಳೂ ವರ್ಜ್ಯವೆಂದು ಮತ್ತೆ ಕೆಲವರು ವಾದಿಸುತ್ತಿದ್ದರು. ಅವರು ಕೆಲಕಾಲ ತತ್ತಿ ತಿಂದುದೂ ಉಂಟು. ಕೊನೆಗೆ, ವ್ರತ ಕೊಡಿಸಿದ ತಾಯಿಯು ಮಾಂಸವೆಂಬ ಮಾತನ್ನು ಯಾವ ಅರ್ಥದಲ್ಲಿ ತಿಳಿದಿದ್ದಳೋ ಅದೇ ತನಗೆ ಬಂಧನವೆಂದು ನಿಶ್ಚಯಿಸಿ ತತ್ತಿಯನ್ನು ಬಿಟ್ಟರು. ಆ ಅರ್ಥನಿರ್ಣಯವು ಹೊರಡುವ ಮುನ್ನವೇ ಆಗಿದ್ದರೆ ಒಂದು ಕವಲು ತಪ್ಪುತ್ತಿತ್ತು. ಇಂದಿಗೂ ಪಶ್ಚಿಮದ ಅನೇಕ ಮನೆಗಳಲ್ಲಿ ಶಾಕಾಹಾರವೆಂದರೆ ತತ್ತಿ ಸೇರಿದ ಆಹಾರವೇ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣವನ್ನು ವಿವರಿಸುವಾಗ ತ್ಯಾಗವನ್ನು ಯಮ, ನಿಯಮವೆಂದು ಎರಡಾಗಿ ವಿಂಗಡಿಸಿದ್ದಾರೆ. ಜೀವಾವಧಿಯದು ಯಮ, ಕಾಲಮಿತಿಯುಳ್ಳದ್ದು ನಿಯಮ. ಆ ಕಾಲಮಿತಿಯು ಒಂದು ಹಗಲಾಗಬಹುದು, ಒಂದು ಇರುಳು, ಪಕ್ಷ, ಮಾಸ, ಋತು ಅಥವಾ ಅಯನವಾಗಬಹುದು. ಪ್ರವಾಸಿ ವಿದ್ಯಾರ್ಥಿಗೆ ಇದು ದೊಡ್ಡ ಆಧಾರ. ಮದ್ಯ, ಮಾಂಸ, ಮಧುಗಳ ತ್ಯಾಗವು ನಮಗೆ ಮೂಲಗುಣಗಳಲ್ಲಿ ಸೇರಿದ್ದು. ಅದು ಯಮವಾಗಿಯೇ ಇರಲಿ. ಮದ್ಯದ ವಿಷಯದಲ್ಲಿ ರೋಟರಿಯ ನಿಯಮಗಳೂ ನಮ್ಮ ಪರವಾಗಿವೆ, ವಿನಿಮಯ ವಿದ್ಯಾರ್ಥಿಗೆ ಕುಡಿತ ನಿಷಿದ್ಧ. ಉಳಿದುವನ್ನು ದೇಶ ನೋಡಿ, ಕಾಲ ನೋಡಿ, ನಿಯಮವಾಗಿ ಕೊಡಬೇಕು. ಹಿಟ್ಟಿನ ಮರ್ಯಾದೆಯು ಮಳೆಗಾಲದಲ್ಲಿ 3 ದಿನ, ಬೇಸಗೆಯಲ್ಲಿ 5, ಚಳಿಗಾಲದಲ್ಲಿ 7 ಎಂಬುದನ್ನು ಅಂಗಡಿಯಿಂದ ಚೀಲದ ಹಿಟ್ಟು ತರುವ ಮನೆಯಲ್ಲಿ ಮಗು ಹೇಗೆ ಪಾಲಿಸೀತು? ಅದನ್ನು ಹೊರಿಸಬಾರದು.

ರಾತ್ರಿಭೋಜನ ತ್ಯಾಗವೇ ಎಲ್ಲಕ್ಕಿಂತ ಕಠಿಣವಾದುದು. ನಮ್ಮ ಗೋಕಾಕದಲ್ಲಿ ಅತಿ ಚಿಕ್ಕ ಹಗಲು 11 ಗಂಟೆಗೆ ತುಸು ಹೆಚ್ಚು, ಅತಿ ದೊಡ್ಡದು 13 ಗಂಟೆಯ ಸುಮಾರು. ವರ್ಷವಿಡೀ ಒಂದೇ ಹೊತ್ತಿಗೆ ಉಂಡರೂ ನಡೆಯುತ್ತದೆ. ಜರ್ಮನಿಯ ಹ್ಯಾಂಬುರ್ಗಿನಲ್ಲಿ ಡಿಸೆಂಬರ್ ಕೊನೆಗೆ ಸೂರ್ಯೋದಯವು ಬೆಳಿಗ್ಗೆ ಎಂಟೂವರೆಯ ಮೇಲೆ, ಅಸ್ತವು ಸಾಯಂಕಾಲ 4ರ ಸುಮಾರಿಗೆ. ಎಂಟಕ್ಕೆ ಶಾಲೆ ಸೇರುವ ಹುಡುಗಿಗೆ ಮನೆಯ ಉಪಾಹಾರವೂ ರಾತ್ರಿಭೋಜನವಾಯಿತು, ಸಂಜೆಯ ಊಟವೂ ಅದೇ ಆಯಿತು. ಉದಯಾಸ್ತಗಳ ಬಳಿಯ ಒಂದೊಂದು ಮುಹೂರ್ತವನ್ನು, ಎಂದರೆ 48 ನಿಮಿಷಗಳನ್ನು, ಬಿಟ್ಟರೆ ಉಳಿಯುವುದು ಆರು ತಾಸು ಮಾತ್ರ. ಜೂನ್ ತಿಂಗಳಲ್ಲಾದರೋ ರಾತ್ರಿ ಒಂಬತ್ತೂವರೆ ಆದರೂ ಹೊತ್ತು ಮುಳುಗಿರುವುದಿಲ್ಲ. ವ್ರತವು ಸೂರ್ಯನಿಗೆ ಸಂಬಂಧಿಸಿದ್ದೇ ಹೊರತು ಗಡಿಯಾರಕ್ಕಲ್ಲ. ಆದ್ದರಿಂದ ಅಲ್ಲಿಯ ಸೂರ್ಯನನ್ನೇ ಲೆಕ್ಕ ಹಿಡಿಯಬೇಕು. ಹತ್ತರ ವಿರಾಮದಲ್ಲಿ ಬುತ್ತಿ, ಮಧ್ಯಾಹ್ನ ಶಾಲೆ ಬಿಟ್ಟೊಡನೆ ಮನೆಯೂಟ, ಹೀಗೆ ಹೊಂದಿಸಿಕೊಳ್ಳಬಹುದು. ಬೆಳೆಯುವ ಮಗುವಿಗೆ ಇದು ಸಾಲದೆಂದು ಕಂಡರೆ, ಆ ಋತುವನ್ನು ಬಿಟ್ಟು ಫಾಲ್ಗುಣದಿಂದ ನಿಯಮ ಕೊಡಿರಿ. ಅಥವಾ ಕತ್ತಲ ತಿಂಗಳುಗಳಲ್ಲಿ ಅಷ್ಟಮಿ ಚತುರ್ದಶಿಗಳಿಗೆ ಮಾತ್ರ ಸೀಮಿತಗೊಳಿಸಿರಿ. ಚತುರ್ವಿಧ ಆಹಾರದ ತ್ಯಾಗವೋ, ನೀರಿಗೆ ಅವಕಾಶವುಂಟೋ ಎಂಬುದನ್ನೂ ಮೊದಲೇ ಹೇಳಿರಬೇಕು. ಚಿಕ್ಕದಾದರೂ ಪೂರ್ಣವಾಗಿ ನಡೆದ ನಿಯಮವನ್ನು ನಾನು ಹೆಚ್ಚಿನದೆಂದು ತಿಳಿಯುತ್ತೇನೆ.

ಉಣ್ಣದಿದ್ದರೂ ಸಂಜೆಯ ಮೇಜಿಗೆ ಬಂದು ಕುಳಿತುಕೊಳ್ಳತಕ್ಕದ್ದು. ಹಗಲೆಲ್ಲ ಚದುರಿದ ಕುಟುಂಬವು ಅಲ್ಲಿಯೇ ಒಂದುಗೂಡುತ್ತದೆ. ಕೋಣೆಯಲ್ಲಿ ಬಾಗಿಲಿಕ್ಕಿಕೊಂಡ ಹುಡುಗಿಯು ವ್ರತಸ್ಥೆಯೆಂದು ಅವರಿಗೆ ಹೇಗೆ ತಿಳಿಯಬೇಕು? ಮುನಿದಿದ್ದಾಳೆಂದು ತಿಳಿದು ನೊಂದುಕೊಂಡಾರು.

ಇದಕ್ಕಾಗಿ ಹೊರಡುವ ಮುನ್ನವೇ ಆ ಮನೆಯವರಿಗೆ ಒಂದು ಪತ್ರ ಹೋಗಬೇಕು. ಅದರಲ್ಲಿ ಧರ್ಮೋಪದೇಶ ಬೇಡ, ಪದಾರ್ಥಗಳ ಹೆಸರಿರಲಿ. ಮಾಂಸ, ಮೀನು, ತತ್ತಿ, ಜೇನುತುಪ್ಪ, ಮದ್ಯ ಬೆರೆಸಿದ ಸಾರು. ಎಲುಬು ಚರ್ಮಗಳಿಂದ ತೆಗೆದ ಜೆಲೆಟಿನ್ ಇರುವ ಮಿಠಾಯಿ. ಕರುವಿನ ಜಠರದ ರೆನೆಟ್ ಹಾಕಿ ಹೆಪ್ಪುಗಟ್ಟಿಸಿದ ಚೀಸ್. ಕೋಳಿಯ ರಸದಲ್ಲಿ ಬೇಯಿಸಿದ ಸೂಪು. ಬಟಾಟೆ, ಗಜ್ಜರಿ, ಉಳ್ಳಾಗಡ್ಡಿ, ಬೆಳ್ಳುಳ್ಳಿಗಳನ್ನೂ ಬಿಟ್ಟಿದ್ದರೆ ಅದನ್ನು ಬೇರೆಯಾಗಿ ಬರೆಯಬೇಕು, ಯಾಕೆಂದರೆ ಬಟಾಟೆಯಿಲ್ಲದ ಊಟವನ್ನು ಅವರಲ್ಲಿ ಅನೇಕರು ಊಹಿಸಲಾರರು. (ಚಾತುರ್ಮಾಸದಲ್ಲಿ ಮಾತ್ರ ಉಳ್ಳಾಗಡ್ಡಿ ಬಿಡುವ ಮನೆಯವರು ಮಗಳಿಂದ ಹನ್ನೆರಡು ತಿಂಗಳು ಬಿಡಿಸುವುದು ನ್ಯಾಯವೇ ಎಂದು ತಾವೇ ವಿಚಾರಿಸಿಕೊಳ್ಳಲಿ.) ಬೇಳೆ, ಅಕ್ಕಿ, ಹಾಲು, ಮೊಸರು, ಹಣ್ಣು, ಎಲೆಕೋಸುಗಳು ನಡೆಯುತ್ತವೆಂಬುದನ್ನು ಮರೆಯದೆ ಬರೆಯಿರಿ. ಬೇಡವೆಂಬುದರ ಪಟ್ಟಿಯನ್ನಷ್ಟೇ ಓದಿದ ಗೃಹಿಣಿ ಗಾಬರಿಯಾಗುತ್ತಾಳೆ.

ಒಗ್ಗದ ರೋಗವಿದೆಯೆಂದೋ, ವೈದ್ಯರು ಬೇಡವೆಂದಿದ್ದಾರೆಂದೋ ಹೇಳಿ ಪಾರಾಗಲು ಸಲಹೆ ಕೊಡುವವರಿದ್ದಾರೆ. ಅಹಿಂಸಾಣುವ್ರತಕ್ಕಾಗಿ ಸತ್ಯಾಣುವ್ರತವನ್ನು ಮುರಿಯುವ ಈ ಮಾರ್ಗವು ಸಲ್ಲದು. ಅಕಲಂಕ ನಿಕಲಂಕರು ಬೌದ್ಧಮಠದಲ್ಲಿ ಜೈನತ್ವವನ್ನು ಮರೆಸಿ ಓದಿದ ಕಥೆಯನ್ನು ಇಲ್ಲಿ ಆಧಾರವಾಗಿ ತರಬಾರದು. ಅಲ್ಲಿ ಗುಟ್ಟು ಹೊರಬಿದ್ದಾಗ ನಿಕಲಂಕನು ಪ್ರಾಣವನ್ನೇ ತೆರಬೇಕಾಯಿತು. ಇಲ್ಲಿ ಕೇಳುವವಳು ಹಸಿದೀತೆಂದು ಕಳವಳಪಡುವ ಒಬ್ಬ ತಾಯಿ.

ದಶಲಕ್ಷಣ ಪರ್ವವು ಭಾದ್ರಪದ ಶುದ್ಧ ಪಂಚಮಿಗೆ ಆರಂಭವಾಗುತ್ತದೆ. ಯುರೋಪಿಗೆ ಹೋದ ವಿದ್ಯಾರ್ಥಿಗಳು ಆಗಸ್ಟ್, ಸೆಪ್ಟೆಂಬರಿನಲ್ಲಿ ಹೊಸ ಮನೆ ಸೇರಿದ ಕೆಲವೇ ವಾರಗಳಲ್ಲಿ ಅದು ಬರುತ್ತದೆ. ಭಾಷೆ ಬಾರದ, ನಿದ್ರೆ ಸರಿಯಾಗದ ಆ ದಿನಗಳಲ್ಲಿ ಹತ್ತು ಉಪವಾಸ ಬೇಡ. ಅನಂತ ಚತುರ್ದಶಿಯಂದು ಏಕಾಶನ, ದಿನವೂ ಸ್ವಲ್ಪ ಹೊತ್ತು ಸಾಮಾಯಿಕ, ಇಷ್ಟು ಸಾಕು.

ತಿಳಿಯದೆ ತಿಂದುಬಿಟ್ಟರೆ? ವ್ರತದ ಅಂಶಭಂಗವು ಅತಿಚಾರ, ವ್ರತವನ್ನೇ ತೊರೆಯುವುದು ಅನಾಚಾರ. ಸಾರಿನಲ್ಲಿ ಕೋಳಿಯ ರಸವಿತ್ತೆಂದು ಉಂಡ ಮೇಲೆ ತಿಳಿದ ಮಗು ಆಲೋಚನೆ, ಪ್ರತಿಕ್ರಮಣ ಮಾಡಿ, ನವಕಾರ ಜಪಿಸಿ, ಮರುದಿನದಿಂದ ಕೇಳಿ ಉಣ್ಣಲಿ. ಇನ್ನೇನು, ಕೆಟ್ಟೇಹೋಯಿತೆಂದು ಎಲ್ಲವನ್ನೂ ತಿನ್ನತೊಡಗುವುದೇ ಅನಾಚಾರ. ಮನೆಯ ಹಿರಿಯರು ಫೋನಿನಲ್ಲಿ ಗದರಿಸಿದರೆ ಮುಂದಿನ ಸಲ ಮಗು ಹೇಳುವುದಿಲ್ಲ, ಅಷ್ಟೇ.

ವಿನಿಮಯವೆಂದ ಮೇಲೆ ಅಲ್ಲಿಯ ಮಕ್ಕಳೂ ನಮ್ಮ ಮನೆಗೆ ಬರುವರು. ಇದನ್ನು ಅತಿಥಿಸಂವಿಭಾಗವೆನ್ನುವವರಿದ್ದಾರೆ, ಆ ವ್ರತವು ಪಾತ್ರದಾನಕ್ಕೆ ಸಂಬಂಧಿಸಿದ್ದು, ಇದು ಗೃಹಸ್ಥನ ಸೌಜನ್ಯ. ಮನೆಯಲ್ಲಿ ಮಾಂಸ ಮದ್ಯಗಳು ಬರಲಾರವೆಂದು ಮೊದಲೇ ತಿಳಿಸಿರಿ. ನಮ್ಮ ಉಪವಾಸವನ್ನು ಆ ಮಗುವಿನ ಮೇಲೆ ಹೇರಬೇಡಿರಿ. ರಾತ್ರಿ ಒಂಬತ್ತಕ್ಕೆ ಅದಕ್ಕೆ ಹಸಿವಾಗುವುದು ಖಂಡಿತ. ಕೃತ, ಕಾರಿತ, ಅನುಮೋದನೆಗಳಿಂದ ರಾತ್ರಿಭೋಜನವನ್ನು ತ್ಯಜಿಸಿದ ಹಿರಿಯರು ಬಡಿಸುವಂತಿಲ್ಲ. ಅಂಥವರೇ ಅಡಿಗೆ ನೋಡಿಕೊಳ್ಳುವ ಮನೆಯಾದರೆ, ಹೌದೆಂದು ಒಪ್ಪಿಗೆ ಕೊಡುವ ಮುನ್ನ ಅವರನ್ನು ಕೇಳಬೇಕು. ಉಳಿದವರು ಸಂಜೆಯೇ ಹಣ್ಣು, ರೊಟ್ಟಿ, ಶೇಂಗಾ ಹಿಂಡಿ, ಒಂದು ತುಂಡು ಕರದಂಟನ್ನು ಮುಚ್ಚಿ ಆ ಮಗುವಿನ ಕೋಣೆಯಲ್ಲಿ ಇರಿಸಬಹುದು.