ಮನೆಮಾತಿಗೂ ಒಂದು ಹೆಸರಿದೆ



ಕಾರವಾರದ ರವಿವಾರದ ಸಂತೆಗೆ ನೀವೆಲ್ಲ ಹೋಗಿದ್ದೀರಿ. ಮೀನು ಮಾರುವ ಬಾಯಿ ಕೊಂಕಣಿಯಲ್ಲಿ ಕರೆಯುತ್ತಾಳೆ. ಅಂಕೋಲೆ ಕಡೆಯಿಂದ ಕಾಯಿಪಲ್ಲೆ ತಂದ ಹಾಲಕ್ಕಿ ಅಜ್ಜಿ ತನ್ನ ಕನ್ನಡದಲ್ಲಿ ದರ ಹೇಳುತ್ತಾಳೆ. ಕೊಳ್ಳುವವರಲ್ಲಿ ಮರಾಠಿಯವರು ಇದ್ದಾರೆ, ಉರ್ದುವಿನವರು ಇದ್ದಾರೆ. ಯಾರಿಗೂ ತೊಂದರೆ ಇಲ್ಲ. ವ್ಯಾಪಾರ ನಡೆಯುತ್ತದೆ.

ಆದರೆ ಕಾಗದ ಹಿಡಿದು ಬಂದವರು "ನಿಮ್ಮ ಮಾತೃಭಾಷೆ ಯಾವುದು?" ಎಂದು ಕೇಳಿದರೆ ನಾವು ತಡವರಿಸುತ್ತೇವೆ. ಕಲಿಕಾ ಕೇಂದ್ರದಲ್ಲಿ ನಾನು ಇದೇ ಪ್ರಶ್ನೆ ಕೇಳಿದೆ.

"ನಮ್ಮದೆಂತಾ ಭಾಷೆ ಅಕ್ಕೋರೆ? ಮನೇಲಿ ಮಾತಾಡೂದು, ಅಷ್ಟೇ" ಅಂದಳು ಒಬ್ಬಳು.

"ಕೊಂಕಣಿ ಅಂದ್ರೆ ಮರಾಠಿನೇ ಅಲ್ವಾ? ಸ್ವಲ್ಪ ಹಾಳಾದ ಮರಾಠಿ" ಅಂದಳು ಇನ್ನೊಬ್ಬಳು.

"ಅದಕ್ಕೆ ಅಕ್ಷರವೇ ಇಲ್ಲ. ಅಕ್ಷರ ಇಲ್ಲದ್ದು ಭಾಷೆ ಹೇಗೆ ಆಗ್ತದೆ?" ಅಂತ ಮೂರನೆಯವಳು ಕೇಳಿದಳು.

ಮೂರೂ ಮಾತನ್ನು ವಿಚಾರ ಮಾಡೋಣ.

ಮೊದಲು ಮರಾಠಿಯ ಮಾತು. ಕನ್ನಡದಲ್ಲಿ 'ನಾನು' ಅನ್ನುತ್ತೇವೆ. ಮರಾಠಿಯಲ್ಲಿ 'ಮೀ'. ಕೊಂಕಣಿಯಲ್ಲಿ 'ಹಾಂವ್'. ಕನ್ನಡದಲ್ಲಿ 'ಅನ್ನ', ಮರಾಠಿಯಲ್ಲಿ 'ಭಾತ್', ಕೊಂಕಣಿಯಲ್ಲಿ 'ಶೀತ್'. ಕೊಂಕಣಿಗೂ ಮರಾಠಿಗೂ ಹೋಲಿಕೆ ಬಹಳ ಇದೆ, ಅದು ನಿಜ. ಅಕ್ಕತಂಗಿಯರ ಮುಖದಲ್ಲಿ ಹೋಲಿಕೆ ಇರುತ್ತದೆ. ಹಾಗಂತ ತಂಗಿಯನ್ನು 'ಹಾಳಾದ ಅಕ್ಕ' ಎಂದು ಯಾರಾದರೂ ಕರೆಯುತ್ತಾರೆಯೇ?

ಹಾಗಾದರೆ ಈ ಮಾತು ಎಲ್ಲಿಂದ ಬಂತು? ಅದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. ನಮ್ಮ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಆಡಳಿತಕ್ಕೆ ಸೇರಿತು. ಕಾರವಾರದ ಕಡೆ ಮರಾಠಿ ಶಾಲೆಗಳು ನಡೆದವು. ಮನೆಯಲ್ಲಿ ಕೊಂಕಣಿ ಆಡುವವರು ಶಾಲೆಯಲ್ಲಿ ಮರಾಠಿ ಓದಿದರು. ಕಾಗದ ಪತ್ರ ಮರಾಠಿಯಲ್ಲಿ ಬರೆದರು. ಬರೆಯುವ ಮಾತು ದೊಡ್ಡದು, ಆಡುವ ಮಾತು ಸಣ್ಣದು ಎಂದು ಜನರ ತಲೆಯಲ್ಲಿ ಕೂತಿತು.

ಇದನ್ನು ಒಪ್ಪದ ಒಬ್ಬರು ನಮ್ಮ ಕಾರವಾರದಲ್ಲೇ ಇದ್ದರು. ಅವರು ವಕೀಲ ಮಾಧವ ಮಂಜುನಾಥ ಶಾನಭಾಗರು. ಕೊಂಕಣಿಯವರು ಗೋವೆ, ಮುಂಬಯಿ, ಮಂಗಳೂರು, ಕೇರಳ ಎಂದು ಚದುರಿ ಹೋಗಿದ್ದರು. ಒಬ್ಬರಿಗೆ ಒಬ್ಬರ ಸುದ್ದಿ ಇರಲಿಲ್ಲ. ಅವರನ್ನೆಲ್ಲ ಒಂದು ಕಡೆ ಸೇರಿಸಬೇಕು ಎಂದು ಶಾನಭಾಗರು ದುಡಿದರು. 1939ರ ಜುಲೈ 8ರಂದು ಕಾರವಾರದಲ್ಲಿ ಅಖಿಲ ಭಾರತ ಕೊಂಕಣಿ ಪರಿಷತ್ತು ಸೇರಿತು. ಇಡೀ ದೇಶದ ಕೊಂಕಣಿಯವರು ನಮ್ಮದೂ ಒಂದು ಭಾಷೆ ಎಂದು ಕೂಡಿ ಹೇಳಲು ಶುರುಮಾಡಿದ್ದು ನಮ್ಮ ಊರಿನಲ್ಲಿ! ಈ ಸಂಗತಿ ಕಾರವಾರದವರಿಗೇ ಹೆಚ್ಚು ಗೊತ್ತಿಲ್ಲ.

ಇದು ಬರೀ ಹೆಸರಿನ ಜಗಳ ಆಗಿರಲಿಲ್ಲ. 1956ರ ನವೆಂಬರ್ 1ರಂದು ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಆಮೇಲೆ ಮಹಾರಾಷ್ಟ್ರದವರು ಕಾರವಾರ ತಮಗೆ ಬೇಕು ಅಂದರು. ಕೊಂಕಣಿ ಮರಾಠಿಯದೇ ಒಂದು ರೂಪ, ಹಾಗಾಗಿ ಇಲ್ಲಿನ ಜನ ಮರಾಠಿಯವರೇ ಎಂಬುದು ಅವರ ವಾದ. ನೋಡಿ, ಮನೆಮಾತಿಗೆ ಯಾವ ಹೆಸರು ಇಡುತ್ತೇವೆ ಎನ್ನುವುದರ ಮೇಲೆ ಊರು ಯಾವ ರಾಜ್ಯದ್ದು ಎಂಬ ಪ್ರಶ್ನೆ ನಿಂತಿತ್ತು. ಗಡಿ ವಿಚಾರಕ್ಕೆ ಮಹಾಜನ ಆಯೋಗ ಕೂತಿತು. 1967ರಲ್ಲಿ ವರದಿ ಕೊಟ್ಟಿತು. ಕಾರವಾರ ಇಲ್ಲೇ ಉಳಿಯಿತು. ಅದೇ 1967ರ ಜನವರಿಯಲ್ಲಿ ಗೋವೆಯ ಜನ ಮತ ಹಾಕಿ, ಮಹಾರಾಷ್ಟ್ರದಲ್ಲಿ ಸೇರುವುದಿಲ್ಲ ಎಂದು ತೀರ್ಮಾನ ಮಾಡಿದರು.

ಕೊಂಕಣಿ ಸ್ವತಂತ್ರ ಭಾಷೆ ಎಂದು ಸಾಹಿತ್ಯ ಅಕಾದೆಮಿ 1975ರಲ್ಲಿ ಒಪ್ಪಿತು. 1987ರಲ್ಲಿ ಅದು ಗೋವೆಯ ಆಡಳಿತ ಭಾಷೆ ಆಯಿತು. 1992ರಲ್ಲಿ ನಮ್ಮ ಸಂವಿಧಾನದ ಎಂಟನೆಯ ಪಟ್ಟಿಗೆ ಸೇರಿತು.

ಈಗ ಒಂದು ಕೆಲಸ ಮಾಡಿ. ಸೆರಗಿನ ಗಂಟಿನಲ್ಲಿ ನೂರು ರೂಪಾಯಿ ನೋಟು ಇದ್ದರೆ ತೆಗೆಯಿರಿ. ಹಿಂಬದಿಯಲ್ಲಿ ಒಂದರ ಕೆಳಗೆ ಒಂದು, 15 ಸಾಲು ಸಣ್ಣ ಅಕ್ಷರ ಇವೆ. ನಾಲ್ಕನೆಯ ಸಾಲು ಕನ್ನಡ. ಅದನ್ನು ನೀವು ಈಗ ಓದಬಲ್ಲಿರಿ. ಅಲ್ಲಿಂದ ಎರಡು ಸಾಲು ಕೆಳಗೆ ಬನ್ನಿ. ಆರನೆಯ ಸಾಲು ಕೊಂಕಣಿ. ನಾಗರಿ ಅಕ್ಷರದಲ್ಲಿ ಇದೆ. ಮೀನು ಮಾರಿ ದಿನಾ ಎಣಿಸುವ ನೋಟಿನ ಮೇಲೆ ಮನೆಮಾತು ಅಚ್ಚಾಗಿದೆ. ಇಷ್ಟು ದಿನ ನಮಗೆ ಕಂಡಿರಲಿಲ್ಲ.

ಅಕ್ಷರ ಇಲ್ಲ ಅಂದವಳಿಗೂ ಇಲ್ಲೇ ಉತ್ತರ ಇದೆ. ಕೊಂಕಣಿಗೆ ಅಕ್ಷರ ಇಲ್ಲದೆ ಇಲ್ಲ, ಬಹಳ ಇವೆ. ಗೋವೆಯಲ್ಲಿ ನಾಗರಿಯಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಬರೆಯುತ್ತಾರೆ. ಮಂಗಳೂರಿನಲ್ಲಿ ಕನ್ನಡ ಅಕ್ಷರ. ಕೇರಳದಲ್ಲಿ ಮಲೆಯಾಳ ಅಕ್ಷರ. ಭಟ್ಕಳದ ನವಾಯತರು ಉರ್ದು ಬರೆಯುವ ಅಕ್ಷರದಲ್ಲಿ ತಮ್ಮ ಮಾತು ಬರೆಯುತ್ತಾರೆ. ಯಾವ ಅಕ್ಷರ ಸರಿ ಎಂದು ದೊಡ್ಡವರು ಇನ್ನೂ ಜಗಳ ಆಡುತ್ತಿದ್ದಾರೆ. ಆಡಲಿ. ನನ್ನ ಕೇಳಿದರೆ, ಕೈಗೆ ಬಂದ ಅಕ್ಷರವೇ ಒಳ್ಳೆಯ ಅಕ್ಷರ. ನೀವು ಕಲಿತದ್ದು ಕನ್ನಡ ಅಕ್ಷರ. ಅದರಲ್ಲಿ ಕೊಂಕಣಿಯನ್ನೂ ಬರೆಯಬಹುದು.

ಹಾಲಕ್ಕಿ ಅಕ್ಕಂದಿರ ಮಾತು ಬೇರೆ. ಅವರದು ಕನ್ನಡವೇ. ಆದರೆ ಪುಸ್ತಕದ ಕನ್ನಡ ಅಲ್ಲ. ಪೇಟೆಯವರು ಕೇಳಿ ನಗುತ್ತಾರೆ ಎಂದು ಅವರು ಬಾಯಿ ಮುಚ್ಚಿಕೊಳ್ಳುವುದನ್ನು ನಾನು ನೋಡಿದ್ದೇನೆ. ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡ ಅವರನ್ನು ನೆನೆಯಿರಿ. ಹಾಲಕ್ಕಿಗಳ ನೂರಾರು ಹಾಡು ಅವರ ಬಾಯಲ್ಲಿ ಇದ್ದವು. 2017ರಲ್ಲಿ ಸರಕಾರ ಅವರಿಗೆ ಪದ್ಮಶ್ರೀ ಕೊಟ್ಟಿತು. 2025ರಲ್ಲಿ ಅವರು ತೀರಿಕೊಂಡರು. ಅವರು ಪುಸ್ತಕದ ಕನ್ನಡದಲ್ಲಿ ಹಾಡಲಿಲ್ಲ. ಮನೆಯ ಕನ್ನಡದಲ್ಲೇ ಹಾಡಿದರು.

ದೂರದ ಒಂದು ಸುದ್ದಿ ಹೇಳುತ್ತೇನೆ. ಯುರೋಪಿನಲ್ಲಿ ಪೋಲೆಂಡ್ ಎಂಬ ದೇಶ ಇದೆ. ಅದರ ದಕ್ಷಿಣಕ್ಕೆ ಸೈಲೀಸಿಯಾ ಎಂಬ ಸೀಮೆ, ಕಲ್ಲಿದ್ದಲು ಗಣಿಗಳ ಸೀಮೆ. ಒಂದು ಕಾಲಕ್ಕೆ ಅದು ಜರ್ಮನಿಯವರ ಕೈಯಲ್ಲಿ ಇತ್ತು. ಆಮೇಲೆ ಪೋಲೆಂಡಿಗೆ ಬಂತು. ಅಲ್ಲಿಯವರಿಗೂ ಒಂದು ಮನೆಮಾತು ಇದೆ. "ಅದು ಭಾಷೆ ಅಲ್ಲ, ಪೋಲಿಷ್ ಭಾಷೆಯ ಹಳ್ಳಿ ರೂಪ" ಎಂದು ಹಲವರು ಹೇಳುತ್ತಾರೆ. 2021ರ ಜನಗಣತಿಯಲ್ಲಿ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಜನ, ಮನೆಯಲ್ಲಿ ಆಡುವುದು ಸೈಲೀಸಿಯಾದ ಮಾತು ಎಂದು ಬರೆಸಿದರು. 2024ರಲ್ಲಿ ಅಲ್ಲಿನ ಲೋಕಸಭೆ ಅದನ್ನು ಪ್ರಾದೇಶಿಕ ಭಾಷೆ ಎಂದು ಒಪ್ಪಿತು. ಅಧ್ಯಕ್ಷರು ಸಹಿ ಹಾಕಲು ಒಪ್ಪಲಿಲ್ಲ. ಕಾರವಾರದಲ್ಲಿ ನಡೆದ ವಾದವೇ ಅಲ್ಲಿಯೂ ನಡೆದಿದೆ.

ಇದೆಲ್ಲ ನಮಗೆ ಯಾಕೆ ಎಂದು ಕೇಳಬಹುದು. ನಾನು ಶಾಲೆಯ ಮಾಸ್ತರಿಣಿ, ಶಾಲೆಯದೇ ಹೇಳುತ್ತೇನೆ. ಒಂದನೆಯ ತರಗತಿಗೆ ಬರುವ ಮಗುವಿಗೆ 'ಉದಾಕ್' ಗೊತ್ತು, 'ನೀರು' ಗೊತ್ತಿಲ್ಲ. ಕೇಳಿದರೆ ಬೇರೆ ಮಕ್ಕಳು ನಗುತ್ತವೆ. ಬಾಯಾರಿಕೊಂಡೇ ಕೂರುವ ಮಕ್ಕಳಿದ್ದಾರೆ. ಆಗ ತಾಯಿ ಏನು ಮಾಡುತ್ತಾಳೆ? ಮನೆಯಲ್ಲೂ ಕೊಂಕಣಿ ಬಿಡುತ್ತಾಳೆ. ಅಜ್ಜಿ ಹೇಳುವ ಕತೆ ಮೊಮ್ಮಗಳಿಗೆ ತಿಳಿಯದೆ ಹೋಗುತ್ತದೆ. ಕನ್ನಡ ಕಲಿಯಲಿಕ್ಕೆ ಕೊಂಕಣಿ ಬಿಡಬೇಕಾಗಿಲ್ಲ. ಸಂತೆಯಲ್ಲಿ ಮೂರು ಭಾಷೆ ಆಡುವ ನಿಮಗೆ ಇದನ್ನು ನಾನು ಹೇಳಬೇಕೇ?

ಇನ್ನು ಜನಗಣತಿ. ಮುಂದಿನ ಗಣತಿಗೆ ಸರಕಾರ 2027ರ ಮಾರ್ಚ್ 1 ಎಂದು ಗೊತ್ತುಮಾಡಿದೆ. 2011ರ ಗಣತಿಯಲ್ಲಿ ದೇಶದಲ್ಲಿ 22 ಲಕ್ಷಕ್ಕೂ ಹೆಚ್ಚು ಜನ ಕೊಂಕಣಿ ಎಂದು ಬರೆಸಿದ್ದರು. ಅವರಲ್ಲಿ 7 ಲಕ್ಷಕ್ಕೂ ಹೆಚ್ಚು ಜನ ಕರ್ನಾಟಕದವರು. ಆ ಗಣತಿಯಲ್ಲಿ ಮಾತೃಭಾಷೆಗೆ ಒಂದು ಜಾಗ ಇತ್ತು. ಬರುವ ಬೇರೆ ಎರಡು ಭಾಷೆಗೂ ಜಾಗ ಇತ್ತು. ಕೊಂಕಣಿ ಬರೆಸಿದ ಕೂಡಲೇ ಕನ್ನಡ ಬಿಟ್ಟುಹೋಗುವುದಿಲ್ಲ. ಎಣಿಸುವವರು ನೀವು ಹೇಳಿದ್ದನ್ನೇ ಬರೆಯಬೇಕು. ಕೇಳದೆ ತಾವೇ ಬರೆದರೆ "ಏನು ಬರೆದ್ರಿ, ತೋರಿಸಿ" ಅನ್ನಿ. ನಿಮಗೆ ಓದಲು ಬರುತ್ತದೆ.

ನಾಳೆ ಕೇಂದ್ರಕ್ಕೆ ಬರುವಾಗ ಮನೆಯಲ್ಲಿ ಆಡುವ ಐದು ಮಾತನ್ನು ಕನ್ನಡ ಅಕ್ಷರದಲ್ಲಿ ಬರೆದು ತನ್ನಿ. ಮೀನಿನ ಹೆಸರು ಆಗಬಹುದು, ಅಡುಗೆಯ ಹೆಸರು ಆಗಬಹುದು, ನೆಂಟರನ್ನು ಕರೆಯುವ ಹೆಸರು ಆಗಬಹುದು. ಪಕ್ಕದವಳು ಓದಲಿ. ಅವಳ ಮನೆಯಲ್ಲಿ ಅದಕ್ಕೆ ಏನನ್ನುತ್ತಾರೆ ಎಂದು ಕೇಳಿ, ಎದುರಿಗೆ ಬರೆದುಕೊಳ್ಳಿ.