ಬಾಗಿದ ಕಂಬಕ್ಕೆ ಸರಳು ಕೂರಿಸುವ ಮುನ್ನ

ಹುಬ್ಬಳ್ಳಿ-ಧಾರವಾಡದಲ್ಲಿ ಸಿವಿಲ್ ಓದಿ ಈಗ ರೆವಿಟ್ ಮುಂದೆ ಕುಳಿತಿರುವ ಗೆಳೆಯರೇ, ಬಾಗಿದ ಕಾಂಕ್ರೀಟ್ ಕಂಬದ ಮಾದರಿಯಲ್ಲಿ ಮೊದಲು ನಡುಗೆರೆ ಎಳೆದು ಕವರ್ ನಮೂದಿಸಿ. ಸರಳು ಆಮೇಲೆ. ಮಾಮೂಲಿ ಕಂಬಕ್ಕೆ ಐಎಸ್ 456 ಹೇಳುವ ಕವರ್ 40 ಮಿ.ಮೀ.

ಫ್ರೀ ಫಾರ್ಮ್ ರೀಬಾರ್ ಬಳಸಿದರೆ ಉದ್ದದ ಸರಳುಗಳು ಕಂಬದ ಮೈಗುಂಟ ಬಾಗುತ್ತವೆ. ರಿಂಗುಗಳು ಮಾತ್ರ ನೆಲಕ್ಕೆ ಸಮಾನಾಂತರವಾಗಿರದೆ ನಡುಗೆರೆಗೆ ಲಂಬವಾಗಿರಲಿ. ಒಳಬಾಗಿನ ಸರಳು ಎಳೆತಕ್ಕೆ ಸಿಕ್ಕರೆ ನೆಟ್ಟಗಾಗಲು ಹವಣಿಸಿ ಕವರನ್ನೇ ಹೊರಕ್ಕೆ ತಳ್ಳುತ್ತದೆ. ಆ ಸರಳನ್ನು ಹಿಡಿದಿಡುವುದು ರಿಂಗೇ. ರಿಂಗುಗಳ ಅಂತರ ಕಂಬದ ಕಿರಿದಾದ ಅಗಲ, ಅತಿ ಸಣ್ಣ ಸರಳಿನ ವ್ಯಾಸದ 16 ಪಟ್ಟು, 300 ಮಿ.ಮೀ., ಈ ಮೂರರಲ್ಲಿ ಕಡಿಮೆಯದನ್ನು ಮೀರಬಾರದು. ಬಾಗು ಹೆಚ್ಚಿದ್ದಲ್ಲಿ ಇನ್ನೂ ಹತ್ತಿರ ಬೇಕಾದೀತು. ಭೂಕಂಪ ತಾಳುವ ಕಟ್ಟಡಕ್ಕೆ ಐಎಸ್ 13920 ಕೇಳುವ 135 ಡಿಗ್ರಿ ಕೊಕ್ಕೆಯನ್ನು ಮಾದರಿಯಲ್ಲೇ ತೋರಿಸಿ.

ಒಳಗಿನ, ಹೊರಗಿನ ಸರಳುಗಳ ಉದ್ದ ಒಂದೇ ಇರದು. ಒಂದೊಂದಕ್ಕೂ ಬೇರೆ ಗುರುತು ಕೊಡಿ. ಸರಳುಗಳ ಪಟ್ಟಿ ಕಳಿಸುವ ಮುನ್ನ ಸರಳು ಬಗ್ಗಿಸುವ ಮೇಸ್ತ್ರಿಯನ್ನು ಕೂರಿಸಿಕೊಂಡು ಮಾದರಿ ತೋರಿಸಿ, ಅವರ ಮಾತು ಕೇಳಿ.

2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜೀವ ಹೋದದ್ದನ್ನು ನಾವು ಮರೆಯುವಂತಿಲ್ಲ. ಪರದೆಯ ಮೇಲೆ ಚೆಂದ ಕಂಡರೆ ಸಾಲದು. ಲೆಕ್ಕವನ್ನು ಅನುಭವಿ ಎಂಜಿನಿಯರರಿಂದ ಪರೀಕ್ಷಿಸಿಕೊಂಡೇ ಕಾಂಕ್ರೀಟ್ ಸುರಿಯಲು ಒಪ್ಪಿಗೆ ಕೊಡಿ.