ಹವಳದ ನೆಂಟರು ನಮ್ಮ ಹಳ್ಳದಲ್ಲಿ

ಅಜ್ಜಿಯ ಕೊರಳ ಹವಳವನ್ನು ನಾನು ಬಹುಕಾಲ ಕಲ್ಲೆಂದೇ ಬಗೆದಿದ್ದೆನು. ಅದು ಕಡಲಿನಲ್ಲಿ ಗುಂಪಾಗಿ ಬಾಳುವ ಪುಟ್ಟ ಪ್ರಾಣಿಗಳು ಸುಣ್ಣದಿಂದ ಕಟ್ಟಿದ ಆಸರೆ. ಲೋಳೆಮೀನು, ಕೆರೆಯ ಹೈಡ್ರಾ ಇವೂ ಅದೇ ಕುಲದವು, ಇವನ್ನು ಕುಟುಕುಕಣವಂತಗಳೆನ್ನುತ್ತಾರೆ. ಇವಕ್ಕೆ ಮಿದುಳಿಲ್ಲ, ಹೃದಯವಿಲ್ಲ, ನರಗಳದೊಂದು ಬಲೆಯುಂಟು. ಉಣ್ಣುವುದಕ್ಕೂ ಉಳಿದುದನ್ನು ಹೊರಹಾಕುವುದಕ್ಕೂ ಒಂದೇ ಬಾಯಿ. ಬೇಟೆ ತಗುಲಿದೊಡನೆ ಕುಟುಕುಕಣದೊಳಗೆ ಸುರುಳಿಯಾಗಿದ್ದ ನಳಿಕೆ ಸಿಡಿದು ನಂಜೇರಿಸುತ್ತದೆ. ಇಷ್ಟೇ ಬಂಡವಾಳದಿಂದ ಈ ಕುಲವು 50 ಕೋಟಿ ವರ್ಷಗಳಿಗೂ ಮಿಗಿಲಾಗಿ ಬಾಳಿಬಂದಿದೆ.

ಮಲೆನಾಡಿಗರಿಗೆ ಕಡಲಿನ ಮಾತೇಕೆ ಎನ್ನಬಹುದು. ಆದರೆ ಪಶ್ಚಿಮಘಟ್ಟದ ಸಿಹಿನೀರಿನಲ್ಲೂ ಲೋಳೆಮೀನುಂಟು. ಕೃಷ್ಣೆಯ ಉಪನದಿಯಲ್ಲಿ ಆಗರ್ಕರ್ ಅವರು ಹಿಡಿದ ಆ ಜೀವಿಗೆ ಕಲಕತ್ತೆಯ ವಸ್ತುಸಂಗ್ರಹಾಲಯದ ಆನಂಡೇಲರು 1911ರಲ್ಲಿ ‘ಲಿಮ್ನೊಕ್ನಿಡ ಇಂಡಿಕ’ ಎಂದು ಹೆಸರಿಟ್ಟರು. ಕಳಸದ ಬಳಿ ಹರಿಯುವ ನಮ್ಮ ಭದ್ರೆಯೂ ತುಂಗೆಯೊಡಗೂಡಿ ಕೃಷ್ಣೆಯನ್ನೇ ಸೇರುವಳು.

ಹೈಡ್ರಾವನ್ನು ಕತ್ತರಿಸಿದರೆ ತುಂಡುಗಳೆರಡೂ ಬೆಳೆದು ಬದುಕುತ್ತವೆ. ಆದರೆ ನೀರಿನಲ್ಲಿ ತುಸು ತಾಮ್ರ ಬೆರೆತರೂ ಅದು ಸಾಯುತ್ತದೆ. ನಾವು ಕಾಫಿಗೆ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿರುವುದು ಮೈಲುತುತ್ತ, ಅಂದರೆ ತಾಮ್ರವೇ. ಪಲ್ಪಿಂಗಿನ ಕೊಳೆನೀರೂ ಹಳ್ಳಕ್ಕಿಳಿದರೆ ನೀರಿನ ಉಸಿರೇ ಕಟ್ಟುವುದು. ಕತ್ತಿಗೆ ಅಳಿಯದ ಜೀವವನ್ನು ನಮ್ಮ ಅಲಕ್ಷ್ಯ ಅಳಿಸಬಾರದು. ತೋಟದ ಮಕ್ಕಳಾದ ನಾವು ಮೊದಲು ನಮ್ಮ ಹಳ್ಳವನ್ನು ಓದೋಣ.